ಆನ್‌ಲೈನ್ ಹೀಲಿಂಗ್: ಕನ್ನಡದ ‘ಉಪಚಾರ’ವೋ, ಮರಾಠಿಯ ‘ಉಪಚಾರ’ವೋ?

ಜತ್ತ: ‘ಉಪಚಾರ’ ಎಂಬ ಶಬ್ದ ಗಡಿಭಾಗದ ಎರಡೂ ಭಾಷೆಗಳಲ್ಲಿದೆ, ಅರ್ಥ ಮಾತ್ರ ಬೇರೆ ಬೇರೆ. ಮರಾಠಿಯಲ್ಲಿ ಉಪಚಾರ ಎಂದರೆ ರೋಗಕ್ಕೆ ಮಾಡುವ ಚಿಕಿತ್ಸೆ, ದವಾಖಾನೆಯಲ್ಲಿ ಆಗುವ ಕೆಲಸ. ಕನ್ನಡದಲ್ಲಿ ಹೆಚ್ಚಾಗಿ ಅದು ಮನೆಗೆ ಬಂದವರನ್ನು ಆದರದಿಂದ ವಿಚಾರಿಸಿಕೊಳ್ಳುವುದು, ಹಾಸಿಗೆ ಹಿಡಿದವರ ಪಕ್ಕದಲ್ಲಿ ಕುಳಿತು ಆರೈಕೆ ಮಾಡುವುದು. ಮೊಬೈಲ್ ತೆರೆದರೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕಣ್ಣಿಗೆ ಬೀಳುವ ‘ಎನರ್ಜಿ ಹೀಲಿಂಗ್’, ‘ಊರ್ಜಾ ಉಪಚಾರ’ದ ಜಾಹೀರಾತುಗಳನ್ನು ನೋಡುವಾಗ ಈ ವ್ಯತ್ಯಾಸ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಹೀಲರ್ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಸೆಷನ್ ಪಡೆಯುವವರು ಉಮದಿಯಲ್ಲೋ ಸಂಖದಲ್ಲೋ ಮನೆಯಲ್ಲೇ ಮಲಗಿರುತ್ತಾರೆ. ನಡುವೆ ಇರುವುದು ಒಂದು ವಿಡಿಯೋ ಕಾಲ್ ಮಾತ್ರ. ಇನ್ನೊಂದು ಬಗೆಯ ಜಾಹೀರಾತೂ ಇದೆ. ‘ಎರಡು ದಿನದ ಕೋರ್ಸ್ ಮಾಡಿ, ಮನೆಯಲ್ಲೇ ಕುಳಿತು ಹೀಲರ್ ಆಗಿ ದುಡಿಯಿರಿ’ ಎಂದು ಅದು ಕರೆಯುತ್ತದೆ. ಮಳೆ ಕೈಕೊಟ್ಟ ವರ್ಷ ಕುಟುಂಬ ಸಮೇತ ಕಬ್ಬು ಕಡಿಯಲು ಹೋಗುವವರಿರುವ ತಾಲೂಕಿನಲ್ಲಿ ಈ ಕರೆಗೆ ಕಿವಿಗೊಡುವವರು ಇದ್ದೇ ಇರುತ್ತಾರೆ. ಆದ್ದರಿಂದ ಸೆಷನ್ ಪಡೆಯುವವರೂ ಅದನ್ನು ಉದ್ಯೋಗ ಮಾಡಿಕೊಳ್ಳಲು ಹೊರಟವರೂ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಇದು ಬಂದದ್ದು ಎಲ್ಲಿಂದ?

ಹೀಲಿಂಗ್ ಎಂದು ನಡೆಯುವ ಪದ್ಧತಿಗಳಲ್ಲಿ ನಮ್ಮ ಕಡೆ ಹೆಚ್ಚು ಕೇಳಿಬರುವುದು ಎರಡು. ಒಂದು ರೇಖಿ. ಜಪಾನಿನ ಮಿಕಾವೊ ಉಸುಯಿ ಎಂಬವರು 1922ರಲ್ಲಿ ಇದನ್ನು ಆರಂಭಿಸಿದರು. ಅವರು ತೀರಿಕೊಂಡದ್ದು 1926ರಲ್ಲಿ. ಹವಾಯಿ ದ್ವೀಪದಲ್ಲಿ ಹುಟ್ಟಿದ ಜಪಾನಿ ಮೂಲದ ಹವಾಯೊ ಟಕಾಟಾ ಎಂಬ ಮಹಿಳೆ 1930ರ ದಶಕದಲ್ಲಿ ಟೋಕಿಯೋದಲ್ಲಿ ಇದನ್ನು ಕಲಿತು ಹವಾಯಿಗೆ ಒಯ್ದರು. ಅಲ್ಲಿಂದ ಅದು ಅಮೆರಿಕೆ, ಯುರೋಪ್ ಸುತ್ತಿ ಭಾರತಕ್ಕೆ ಬಂತು. ವಿಶ್ವದಲ್ಲಿ ಒಂದು ಜೀವಶಕ್ತಿ ಇದೆ, ಅದು ಹೀಲರ್‌ನ ಅಂಗೈ ಮೂಲಕ ಎದುರಿನವರಿಗೆ ಹರಿಯುತ್ತದೆ ಎಂಬುದು ಅದರ ನಂಬಿಕೆ.

ಇನ್ನೊಂದು ಪ್ರಾಣಿಕ್ ಹೀಲಿಂಗ್. ಹೆಸರಿನಲ್ಲಿ ನಮ್ಮ ‘ಪ್ರಾಣ’ ಇದ್ದರೂ ಈಗಿನ ರೂಪ ಕೊಟ್ಟವರು ಫಿಲಿಪ್ಪೀನ್ಸ್ ದೇಶದ ಚೋವಾ ಕಾಕ್ ಸುಯಿ. ಅವರ ಮೊದಲ ಪುಸ್ತಕ ಹೊರಬಂದದ್ದು 1987ರಲ್ಲಿ. ಅವರು ತೀರಿಕೊಂಡದ್ದು 2007ರಲ್ಲಿ. ಈ ಪದ್ಧತಿಯಲ್ಲಿ ಮೈ ಮುಟ್ಟುವುದಿಲ್ಲ. ಮೈಯಿಂದ ಸ್ವಲ್ಪ ದೂರದಲ್ಲಿ ಕೈ ಆಡಿಸಿ, ಕೆಟ್ಟ ಶಕ್ತಿಯನ್ನು ಗುಡಿಸಿ ತೆಗೆದು, ಪಕ್ಕದಲ್ಲಿಟ್ಟ ಉಪ್ಪುನೀರಿನ ಬಟ್ಟಲಿಗೆ ಕೊಡವುತ್ತಾರೆ. ದೃಷ್ಟಿ ತಗುಲಿದಾಗ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ನಮ್ಮ ಮನೆಗಳ ಅಜ್ಜಿಯರಿಗೆ ಇದು ತೀರ ಅಪರಿಚಿತ ಎನಿಸಲಾರದು.

ದೂರದಿಂದ ಹೀಲಿಂಗ್ ಮಾಡುವುದೂ ಇಂಟರ್‌ನೆಟ್ ತಂದ ಹೊಸತಲ್ಲ. ರೇಖಿಯ ಎರಡನೆಯ ಹಂತದಲ್ಲಿ ದೂರದವರಿಗೆ ಶಕ್ತಿ ಕಳಿಸಲೆಂದೇ ಒಂದು ಚಿಹ್ನೆ ಕಲಿಸುತ್ತಾರೆ. ಮೊದಲು ಫೋಟೋ ಇಟ್ಟುಕೊಂಡು, ಆಮೇಲೆ ಫೋನಿನಲ್ಲಿ ನಡೆಯುತ್ತಿದ್ದದ್ದು ಈಗ ವಿಡಿಯೋದಲ್ಲಿ ನಡೆಯುತ್ತಿದೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಎಲ್ಲರನ್ನೂ ಮನೆಯಲ್ಲಿ ಕೂರಿಸಿತು. ಶಾಲೆ, ಭಜನೆ, ಮದುವೆ ಮಾತುಕತೆ ಎಲ್ಲವೂ ಮೊಬೈಲಿಗೆ ಬಂದಾಗ ಹೀಲಿಂಗ್ ಕೂಡ ಬಂತು.

ಸೆಷನ್ ನಡೆಯುವುದು ಹೇಗೆ?

ಸಾಮಾನ್ಯವಾಗಿ ಮೊದಲು ವಾಟ್ಸಾಪ್‌ನಲ್ಲಿ ಒಂದು ಫಾರ್ಮ್ ಬರುತ್ತದೆ. ಹೆಸರು, ವಯಸ್ಸು, ಊರು, ತೊಂದರೆ ಏನು ಎಂದು ಬರೆದು, ಒಂದು ಫೋಟೋ ಕಳಿಸಿ, ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲಿ ರೊಕ್ಕ ಹಾಕಬೇಕು. ಆಮೇಲೆ ಸಮಯ ನಿಗದಿಯಾಗುತ್ತದೆ. ಅರ್ಧ ತಾಸಿನಿಂದ ಒಂದು ತಾಸಿನ ಕಾಲ್. ಮೊದಲು ಸ್ವಲ್ಪ ಹೊತ್ತು ಮಾತು. ನಂತರ ಫೋನನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಮಲಗಬೇಕು, ನಿಧಾನವಾಗಿ ಉಸಿರಾಡಬೇಕು. ಹೀಲರ್ ಆ ಕಡೆಯಿಂದ ಕೈ ಆಡಿಸುತ್ತಾರೆ ಅಥವಾ ಮೌನವಾಗಿ ಕೂರುತ್ತಾರೆ. ಕೊನೆಗೆ ಹೇಗನಿಸಿತು ಎಂದು ಕೇಳುತ್ತಾರೆ. ಒಂದೇ ಸೆಷನ್‌ಗೆ ಮುಗಿಯುವುದು ಕಡಿಮೆ. ಏಳು ದಿನ, 21 ದಿನದ ಪ್ಯಾಕೇಜ್ ಹೇಳುವುದು ರೂಢಿ.

ಮನಸ್ಸಿಗೆ ಹಗುರವಾಯಿತು, ಅಂದು ಚೆನ್ನಾಗಿ ನಿದ್ದೆ ಬಂತು ಎಂದು ಅನೇಕರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ದಿನವಿಡೀ ಹೊಲ, ದನ, ಮಕ್ಕಳು, ಸಾಲ ಎಂದು ಓಡಾಡುವ ಹೆಣ್ಣುಮಗಳನ್ನು ಒಂದು ತಾಸು ಯಾರೋ ಹೆಸರು ಹಿಡಿದು ಮಾತಾಡಿಸಿ, ದುಃಖ ಕೇಳಿ, ಕಣ್ಣು ಮುಚ್ಚಿ ಮಲಗು ಎಂದರೆ ಮೈಗೂ ಮನಸ್ಸಿಗೂ ನಿರಾಳವಾಗದೆ ಇರದು. ಗುಣವಾಗುತ್ತದೆಂಬ ಭರವಸೆಯೇ ನೋವು, ಆತಂಕಗಳನ್ನು ಸ್ವಲ್ಪ ಇಳಿಸುವುದನ್ನು ವೈದ್ಯವಿಜ್ಞಾನವೂ ಒಪ್ಪುತ್ತದೆ. ಕನ್ನಡದ ಅರ್ಥದಲ್ಲಿ ಇದು ಉಪಚಾರವೇ.

ಮರಾಠಿಯ ಅರ್ಥದಲ್ಲಿ ಇದು ಉಪಚಾರ ಹೌದೇ ಎಂಬುದು ಬೇರೆ ಪ್ರಶ್ನೆ.

ಪರೀಕ್ಷೆ ಮಾಡಿದವರು ಕಂಡದ್ದೇನು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಕೊಲರಾಡೊದ ಶಾಲಾ ಬಾಲಕಿ ಎಮಿಲಿ ರೋಸಾ ಹೆಸರು ದೊಡ್ಡದು. ಮೈ ಮುಟ್ಟದೆ ಕೈ ಆಡಿಸಿ ಶಕ್ತಿಯನ್ನು ಗುರುತಿಸುತ್ತೇವೆ ಎನ್ನುವ ‘ಥೆರಪ್ಯೂಟಿಕ್ ಟಚ್’ ಪದ್ಧತಿಯ 21 ಮಂದಿಯನ್ನು ಆಕೆ ಪರೀಕ್ಷಿಸಿದಳು. ನಡುವೆ ಒಂದು ಅಡ್ಡತೆರೆ. ಅವರು ಅದರ ತೂತುಗಳಲ್ಲಿ ಎರಡೂ ಕೈ ಚಾಚಬೇಕು. ಹುಡುಗಿ ನಾಣ್ಯ ಚಿಮ್ಮಿ ನೋಡಿ, ಅವರ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈಯ ಹತ್ತಿರ ಶಕ್ತಿ ಇದೆ ಎಂದು ಅವರು ಹೇಳಬೇಕು. 280 ಸಲ ಕೇಳಿದಾಗ ಸರಿ ಉತ್ತರ ಬಂದದ್ದು 123 ಸಲ, ಎಂದರೆ ನೂರಕ್ಕೆ 44. ಕಣ್ಣು ಮುಚ್ಚಿ ಊಹಿಸಿದರೂ ನೂರಕ್ಕೆ 50ರ ಆಸುಪಾಸು ಸರಿಯಾಗುತ್ತದೆ. ಈ ಫಲಿತಾಂಶ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ದೂರದಿಂದ ಶುಭ ಕೋರಿದರೆ ರೋಗ ಇಳಿಯುತ್ತದೆಯೇ ಎಂಬುದನ್ನೂ ದೊಡ್ಡ ಮಟ್ಟದಲ್ಲಿ ನೋಡಲಾಗಿದೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಅಧ್ಯಯನ 2006ರಲ್ಲಿ ಹೊರಬಂತು. ಕೆಲವರಿಗಾಗಿ ದೂರದ ಭಕ್ತರು ಪ್ರಾರ್ಥಿಸಿದರು, ಕೆಲವರಿಗಾಗಿ ಪ್ರಾರ್ಥಿಸಲಿಲ್ಲ. ತಮಗಾಗಿ ಪ್ರಾರ್ಥನೆ ನಡೆದಿದೆಯೋ ಇಲ್ಲವೋ ತಿಳಿಯದ ಈ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಜನರಿಗೆ ತೊಡಕು ಕಂಡಿತು, ನೂರಕ್ಕೆ 52 ಮತ್ತು 51. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ’ ಎಂದು ತಿಳಿಸಿದ ಗುಂಪಿನಲ್ಲಿ ತೊಡಕು ಕಂಡದ್ದು ನೂರಕ್ಕೆ 59 ಮಂದಿಗೆ. ಪ್ರಾರ್ಥನೆ ಮತ್ತು ರೇಖಿ ಒಂದೇ ಅಲ್ಲ, ನಿಜ. ಆದರೆ ದೂರದಿಂದ ಮನಸ್ಸಿನ ಬಲದಿಂದ ದೇಹದ ರೋಗ ಸರಿಪಡಿಸಬಹುದು ಎಂಬ ಮಾತು ಎರಡರಲ್ಲೂ ಇದೆ. ಇನ್ನು ಖಿನ್ನತೆ, ಆತಂಕಗಳಿಗೆ ರೇಖಿ ಉಪಯೋಗವೇ ಎಂದು 2015ರಲ್ಲಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆ, ಹೌದು ಅಥವಾ ಇಲ್ಲ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು.

ಹಾಗಾದರೆ ‘ನನಗೆ ಗುಣವಾಯಿತು’ ಎನ್ನುವವರ ವಿಡಿಯೋಗಳು? ಬೆನ್ನುನೋವು, ಮೈಗ್ರೇನ್, ಸಂದುನೋವು, ಚರ್ಮದ ತುರಿಕೆ ಇವೆಲ್ಲ ಏರಿ ಇಳಿಯುವ ಕಾಯಿಲೆಗಳು. ತಡೆಯಲಾರದಷ್ಟು ಏರಿದಾಗಲೇ ಜನ ಹೀಲರ್‌ಗೆ ಫೋನ್ ಮಾಡುತ್ತಾರೆ. ಏರಿದ್ದು ತಾನಾಗಿ ಇಳಿಯುವ ಹೊತ್ತಿಗೆ 21 ದಿನದ ಪ್ಯಾಕೇಜ್ ಮುಗಿದಿರುತ್ತದೆ. ಜೊತೆಗೆ ನುಂಗುತ್ತಿದ್ದ ಗುಳಿಗೆಯ ಕೀರ್ತಿಯೂ ಕೆಲವೊಮ್ಮೆ ಹೀಲಿಂಗಿನ ಖಾತೆಗೆ ಜಮಾ ಆಗುತ್ತದೆ.

ಅಪಾಯ ಇರುವುದು ಗುಳಿಗೆ ಬಿಟ್ಟಾಗ

ಸೆಷನ್ ಪಡೆದದ್ದರಿಂದಲೇ ಯಾರಿಗೂ ಕೆಡುಕಾಗಲಾರದು. ಸೆಷನ್ ನಂಬಿ ದವಾಖಾನೆ ಬಿಟ್ಟರೆ ಕೆಡುಕು ಶುರುವಾಗುತ್ತದೆ. ಇನ್ಸುಲಿನ್ ಇಲ್ಲದೆ ಬದುಕಲಾರದ ಮಗುವಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಫಿಟ್ಸ್‌ನ ಗುಳಿಗೆ ಒಮ್ಮೆಲೇ ಬಿಟ್ಟರೆ ಬಿಡದೆ ಫಿಟ್ಸ್ ಬರಬಹುದು. ಕ್ಷಯಕ್ಕೆ ಸರ್ಕಾರ ಪುಕ್ಕಟೆ ಕೊಡುವ ಔಷಧವನ್ನು ನಡುವೆಯೇ ನಿಲ್ಲಿಸಿದರೆ ಆ ಔಷಧಕ್ಕೆ ಬಗ್ಗದ ಕ್ಷಯ ಬೆಳೆಯಬಹುದು, ಅದು ಮನೆಯ ಬೇರೆಯವರಿಗೂ ಹರಡಬಹುದು. ಬಿ.ಪಿ. ಗುಳಿಗೆ ಬಿಟ್ಟವರಿಗೆ ಏನೂ ಆಗಿಲ್ಲ ಎನಿಸುತ್ತದೆ, ಲಕ್ವಾ ಹೊಡೆಯುವವರೆಗೂ.

ಕ್ಯಾನ್ಸರ್ ವಿಷಯದಲ್ಲಿ ಲೆಕ್ಕವೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಹರಡದ ಕ್ಯಾನ್ಸರ್ ಇದ್ದು ವೈದ್ಯಕೀಯ ಚಿಕಿತ್ಸೆ ಬಿಟ್ಟು ಪರ್ಯಾಯ ಪದ್ಧತಿಯನ್ನೇ ಆರಿಸಿಕೊಂಡ 281 ಮಂದಿಯನ್ನು ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಲಾಯಿತು. ಸಾವಿನ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚಿತ್ತು.

ಹಾವು ಕಡಿದಾಗ ಫೋನಿನಲ್ಲಿ ಮಂತ್ರ ಹಾಕಿಸುವುದು ಇದೇ ಸಾಲಿಗೆ ಸೇರುತ್ತದೆ. ಕಟ್ಟುಹಾವು ಕಡಿದರೆ ಹೆಚ್ಚು ನೋವೂ ಇರುವುದಿಲ್ಲ, ಬಾವೂ ಬರುವುದಿಲ್ಲ. ಮಂತ್ರ ಫಲಿಸಿತು ಎಂದು ಮಲಗಿದವರ ಉಸಿರು ರಾತ್ರಿಯಲ್ಲಿ ನಿಲ್ಲಬಹುದು. ಅದಕ್ಕೆ ಇರುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ಒಂದೇ.

ಗಡಿಯ ಎರಡೂ ಕಡೆ ಕಾನೂನು

ಮಹಾರಾಷ್ಟ್ರದ ಅಂಧಶ್ರದ್ಧೆ ವಿರೋಧಿ ಕಾಯ್ದೆಗೆ ಸಾಂಗಲಿ ಜಿಲ್ಲೆಯ ನಂಟಿದೆ. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಳಕರ್ ಸಾತಾರದವರು. ವೈದ್ಯಕೀಯ ಓದಿದ್ದು ಮಿರಜದಲ್ಲಿ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ವಿಧಾನಮಂಡಲ ಕಾಯ್ದೆ ಅಂಗೀಕರಿಸಿತು. ಪವಾಡ ತೋರಿಸಿ ರೊಕ್ಕ ಮಾಡುವುದು, ಅದರ ಪ್ರಚಾರದಿಂದ ಜನರನ್ನು ಮೋಸಗೊಳಿಸುವುದು, ಹಾವು, ಚೇಳು, ನಾಯಿ ಕಡಿದವರನ್ನು ದವಾಖಾನೆಗೆ ಹೋಗದಂತೆ ತಡೆದು ಮಂತ್ರ-ತಂತ್ರ ಮಾಡುವುದು, ಬೆರಳಿನಿಂದಲೇ ಆಪರೇಶನ್ ಮಾಡುತ್ತೇನೆ ಎನ್ನುವುದು ಇದರಲ್ಲಿ ಅಪರಾಧ. ಶಿಕ್ಷೆ 6 ತಿಂಗಳಿಂದ 7 ವರ್ಷ ಸೆರೆ, 5,000ದಿಂದ 50,000 ರೂಪಾಯಿ ದಂಡ. ಪೂಜೆ, ಯಾತ್ರೆ, ಭಜನೆ, ಕೀರ್ತನೆ, ಹರಿಕಥೆಗಳಿಗೆ ಅಡ್ಡಿಯಿಲ್ಲ. ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೋಗುವವರನ್ನು ಈ ಕಾಯ್ದೆ ಕೇಳುವುದಿಲ್ಲ. ಕರ್ನಾಟಕದಲ್ಲೂ ಇದೇ ಬಗೆಯ ಕಾಯ್ದೆ 2017ರಲ್ಲಿ ಆಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಹೀಲರ್ ಗಡಿಯ ಆ ಕಡೆ ಇದ್ದಾರೆ ಎಂಬುದು ತಪ್ಪಿಸಿಕೊಳ್ಳುವ ದಾರಿಯಾಗಲಾರದು.

ಕೇಂದ್ರ ಸರ್ಕಾರದ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಜಾಹೀರಾತಿನ ಮೇಲೆ ಕಣ್ಣಿಡುತ್ತದೆ. ಕ್ಯಾನ್ಸರ್, ಮಧುಮೇಹ, ಫಿಟ್ಸ್, ಲಕ್ವಾ, ಹೃದಯರೋಗ, ರಕ್ತದೊತ್ತಡ, ಬಂಜೆತನ ಸೇರಿ 54 ಬಗೆಯ ರೋಗಗಳ ಪಟ್ಟಿ ಅದರಲ್ಲಿದೆ. ತಾಯಿತ, ಮಂತ್ರ, ಕವಚ ಅಥವಾ ಬೇರಾವುದೇ ಅದ್ಭುತ ಶಕ್ತಿಯಿಂದ ಇವು ವಾಸಿಯಾಗುತ್ತವೆ ಎಂದು ಪ್ರಚಾರ ಮಾಡುವಂತಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ‘21 ದಿನದಲ್ಲಿ ಶುಗರ್ ಮಾಯ’ ಎಂದು ಹಾಕುವ ಹೀಲರ್ ಈ ಕಾಯ್ದೆಯ ಕೈಗೆ ಸಿಗಬಹುದು.

ಮೊಬೈಲಿನಲ್ಲಿ ರೋಗಿಯನ್ನು ನೋಡಲು ಅನುಮತಿ ಇರುವುದು ನೋಂದಾಯಿತ ವೈದ್ಯರಿಗೆ. ಅದರ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು. ಆಯುಷ್ ಪಟ್ಟಿಯಲ್ಲಿ ಆಯುರ್ವೇದ, ಯೋಗ, ನಿಸರ್ಗ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪಥಿ ಇವೆ. ರೇಖಿ, ಪ್ರಾಣಿಕ್ ಹೀಲಿಂಗ್ ಇಲ್ಲ. ಗೋಡೆಗೆ ತೂಗುಹಾಕಿದ ‘ಮಾಸ್ಟರ್’ ಸರ್ಟಿಫಿಕೇಟ್ ಖಾಸಗಿ ಸಂಸ್ಥೆ ಕೊಟ್ಟದ್ದು. ಅದು ವೈದ್ಯಕೀಯ ಪದವಿಯೂ ಅಲ್ಲ, ನೋಂದಣಿಯೂ ಅಲ್ಲ.

ಉದ್ಯೋಗ ಮಾಡುವವರು ಪಾಲಿಸಬೇಕಾದ್ದು

ವಿಶ್ರಾಂತಿ, ಧ್ಯಾನ, ಮನಸ್ಸಿನ ನೆಮ್ಮದಿಯ ಸೆಷನ್ ಎಂದು ಹೇಳಿ ದುಡಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮರ್ಯಾದೆಯಿಂದ ನಡೆಸಬೇಕೆಂದಿರುವವರು ಇಷ್ಟನ್ನು ಪಾಲಿಸಿದರೆ ತಮಗೂ ಕ್ಷೇಮ, ಬಂದವರಿಗೂ ಕ್ಷೇಮ:

* ಹೆಸರಿನ ಹಿಂದೆ ‘ಡಾಕ್ಟರ್’ ಸೇರಿಸಬಾರದು. ರೋಗ ಇಂಥದ್ದು ಎಂದು ಹೇಳಬಾರದು. ಔಷಧ ಬಿಡಿ, ಕಡಿಮೆ ಮಾಡಿ, ಆಪರೇಶನ್ ಮುಂದೂಡಿ ಎಂಬ ಮಾತು ಬಾಯಿಂದ ಬರಬಾರದು.

* ‘ಇದು ವೈದ್ಯಕೀಯ ಚಿಕಿತ್ಸೆ ಅಲ್ಲ, ನಿಮ್ಮ ವೈದ್ಯರ ಔಷಧ ಮುಂದುವರಿಸಿ’ ಎಂದು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಅದು ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮನೆಮಾತು ಕನ್ನಡ ಇದ್ದು ಶಾಲೆ ಮರಾಠಿಯಲ್ಲಿ ಆದವರಿಗೆ ಇಂಗ್ಲಿಷ್ ಫಾರ್ಮ್ ಕೊಟ್ಟು ಟಿಕ್ ಮಾಡಿಸಿಕೊಂಡರೆ ಅದು ಒಪ್ಪಿಗೆ ಎನಿಸದು. ಓದಲು ಬಾರದವರಿಗೆ ಓದಿ ಹೇಳಬೇಕು.

* ಎಷ್ಟು ಹೊತ್ತು, ಎಷ್ಟು ರೊಕ್ಕ, ನೆಟ್‌ವರ್ಕ್ ಹೋದರೆ ಏನು, ಬೇಡವೆಂದರೆ ಹಣ ವಾಪಸ್ ಹೇಗೆ ಎಂಬುದನ್ನು ಮೊದಲೇ ತಿಳಿಸಿ ರಸೀದಿ ಕೊಡಬೇಕು. ‘ದೋಷ ಇನ್ನೂ ಹೋಗಿಲ್ಲ, ಮತ್ತೆ ಕಟ್ಟಿ’ ಎಂದು ಹೆದರಿಸಿ ಪ್ಯಾಕೇಜ್ ಬೆಳೆಸುವುದು ಸುಲಿಗೆ.

* ಸೆಷನ್ ರೆಕಾರ್ಡ್ ಮಾಡಬಾರದು. ಫೋಟೋ, ಹೇಳಿಕೊಂಡ ಮನೆಯ ಸಂಗತಿ ಮೂರನೆಯವರಿಗೆ ಹೋಗಬಾರದು. ಮಕ್ಕಳ ಸೆಷನ್ ಆದರೆ ತಾಯಿಯೋ ತಂದೆಯೋ ಪಕ್ಕದಲ್ಲಿರಬೇಕು.

* ಎದುರಿನವರ ಪೂರ್ತಿ ವಿಳಾಸ, ಮನೆಯ ಇನ್ನೊಬ್ಬರ ನಂಬರ್ ಬರೆದಿಟ್ಟುಕೊಳ್ಳಬೇಕು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಸೆಷನ್ ನಿಲ್ಲಿಸಿ 108ಕ್ಕೆ ಹೇಳಬೇಕು. ಜೀವ ಬೇಡ ಎಂಬ ಮಾತು ಬಂದರೆ ಫೋನ್ ಇಡದೆ ಮನೆಯವರನ್ನು ಕರೆಸಿ, ಟೆಲಿ-ಮಾನಸ್ 14416 ಅಥವಾ 112ಕ್ಕೆ ಸಂಪರ್ಕಿಸಬೇಕು.

* ಬಂದ ಹಣ ಆದಾಯವೇ. ವೈದ್ಯಕೀಯ ಸೇವೆಗೆ ಇರುವ ಜಿಎಸ್‌ಟಿ ವಿನಾಯಿತಿ ಹೀಲಿಂಗಿಗೆ ಅನ್ವಯಿಸುವುದಿಲ್ಲ. ಆದರೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಾಗುವುದಿಲ್ಲ.

ಕೋರ್ಸ್‌ಗೆ ಹಣ ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಕಲಿಸುವವರ ಗಳಿಕೆ ಸೆಷನ್‌ನಿಂದಲೋ, ಕೋರ್ಸ್ ಮಾರುವುದರಿಂದಲೋ? ಮೊದಲ ಹಂತ, ಎರಡನೆಯ ಹಂತ, ಮಾಸ್ಟರ್ ಎಂದು ಮೆಟ್ಟಿಲು ಹತ್ತಿಸುತ್ತ ಪ್ರತಿ ಮೆಟ್ಟಿಲಿಗೂ ಫೀ ಕೇಳುತ್ತಾರೆ. ಸಾಲ ಮಾಡಿ ಹತ್ತುವ ಮೆಟ್ಟಿಲು ಇದಲ್ಲ.

ಪಡೆಯುವವರಿಗೆ

ಮೊದಲು ವೈದ್ಯರ ತಪಾಸಣೆ ಆಗಲಿ. ಜತ್ತ ಗ್ರಾಮೀಣ ಆಸ್ಪತ್ರೆ ಇದೆ. ದೊಡ್ಡ ತೊಂದರೆಗೆ ಮಿರಜ, ಸಾಂಗಲಿ ಇವೆ. ಉಮದಿ ಕಡೆಯವರಿಗೆ ವಿಜಯಪುರವೇ ಹತ್ತಿರ. ದೂರ ಹೋಗಲಾಗದವರು ಸರ್ಕಾರದ ಇ-ಸಂಜೀವನಿಯಲ್ಲಿ ಪುಕ್ಕಟೆಯಾಗಿ ವೈದ್ಯರನ್ನು ಮೊಬೈಲಿನಲ್ಲೇ ಕಾಣಬಹುದು. ಮನಸ್ಸಿನ ಭಾರಕ್ಕೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. ಹಗಲು ರಾತ್ರಿ ನಡೆಯುತ್ತದೆ, ರೊಕ್ಕ ಕೇಳುವುದಿಲ್ಲ. ಹೀಲರ್ ಮುಂದೆ ಬಿಚ್ಚಿಟ್ಟ ಎಷ್ಟೋ ದುಃಖಗಳನ್ನು ಅಲ್ಲಿ ತರಬೇತಿ ಪಡೆದವರು ಕೇಳುತ್ತಾರೆ.

ಇದರ ಮೇಲೂ ಸೆಷನ್ ಬೇಕೆನಿಸಿದರೆ ಪಡೆಯಬಹುದು, ಗುಳಿಗೆಯ ಜೊತೆಗೆ. ಕಳೆದರೂ ಮನೆಗೆ ಭಾರವಾಗದಷ್ಟೇ ಹಣ ಕೊಡಬೇಕು. ಬಟ್ಟೆ ಸರಿಸಿ ತೋರಿಸಿ, ಒಂಟಿಯಾಗಿ ಕುಳಿತುಕೊಳ್ಳಿ, ಮನೆಯವರಿಗೆ ಹೇಳಬೇಡಿ ಎಂದವರ ಕಾಲ್ ಅಲ್ಲೇ ಕತ್ತರಿಸಬೇಕು. ಒಟಿಪಿ, ಯುಪಿಐ ಪಿನ್ ಯಾರಿಗೂ ಹೇಳಬಾರದು.

ಮೋಸವಾದರೆ ಸೈಬರ್ ಸಹಾಯವಾಣಿ 1930. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಣ ಪಡೆದು ಸೇವೆ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೀಲರ್ ಬೆಂಗಳೂರಿನಲ್ಲಿದ್ದರೂ ಜತ್ತ ತಾಲೂಕಿನವರು ಬೆಂಗಳೂರಿಗೆ ಅಲೆಯಬೇಕಿಲ್ಲ, ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದ್ದರಿಂದ ಪಾವತಿಯ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಜಾಹೀರಾತಿನ ಚಿತ್ರ ಅಳಿಸದೆ ಇಟ್ಟುಕೊಳ್ಳಬೇಕು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಹುಲ್ಲುಕಡ್ಡಿ ಹಿಡಿದದ್ದು ತಪ್ಪಲ್ಲ, ಅದನ್ನು ನಂಬಿ ದಡದಿಂದ ಎಸೆದ ಹಗ್ಗ ಬಿಡಬಾರದು ಅಷ್ಟೇ. ಯಾವ ಹೀಲರ್ ‘ನಾನು ಕೊಡುವುದು ಕನ್ನಡದ ಉಪಚಾರ, ಮರಾಠಿಯ ಉಪಚಾರಕ್ಕೆ ದವಾಖಾನೆಗೆ ಹೋಗಿ’ ಎಂದು ಬಾಯಿಬಿಟ್ಟು ಹೇಳುತ್ತಾರೋ ಅವರ ಹತ್ತಿರ ಒಂದು ತಾಸು ಕುಳಿತು ಎದ್ದರೆ ನಷ್ಟವೇನಿಲ್ಲ. ಹಾಗೆ ಹೇಳಲು ಹಿಂಜರಿಯುವವರ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವ ಅಗತ್ಯವಿಲ್ಲ.